ಬತ್ತಳಿಕೆ ತುಂಬಿದ ಮನೆಗೆ ಬಲ ಎಲ್ಲಿಂದ?

(ಕುಟುಂಬಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ವಂದನೆ.

ನನ್ನನ್ನು ಇಲ್ಲಿ ಮಾತಾಡಲು ಕರೆದದ್ದಕ್ಕೆ ಒಂದೇ ಕಾರಣ. ನಮ್ಮ ಮನೆಯಲ್ಲಿ ಆರು ಮಕ್ಕಳಿದ್ದಾರೆ. ದೇವಶಾಸ್ತ್ರ ಓದಿದವಳಲ್ಲ ನಾನು, ಮಕ್ಕಳ ಮನಃಶಾಸ್ತ್ರವೂ ಗೊತ್ತಿಲ್ಲ. ಆರೂ ಜನರನ್ನು ಕರೆದುಕೊಂಡು ಹೊರಗೆ ಹೊರಟರೆ ಎದುರಿಗೆ ಬಂದವರು ಎಣಿಸುವುದು ಗೊತ್ತಾಗುತ್ತದೆ, ತುಟಿ ಅಲ್ಲಾಡುತ್ತಿರುತ್ತದೆ. ಎಣಿಸಿ ಮುಗಿದ ಮೇಲೆ ಪ್ರಶ್ನೆ: "ಹೇಗಮ್ಮ ಸಂಭಾಳಿಸುತ್ತೀರಿ?" ಕ್ರೈಸ್ತ ಸಭೆಯವರಾದರೆ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. "ದೇವರು ಬಲ ಕೊಡುತ್ತಾನೆ, ಅಲ್ವಾ?"

ಕೊಡುತ್ತಾನೆ, ನಿಜ. ಆದರೆ ಹೇಗೆ ಕೊಡುತ್ತಾನೆ ಅನ್ನುವುದರಲ್ಲಿ ನಮಗೆ ಗೊಂದಲ ಇದೆ ಅಂತ ನನಗೆ ಅನಿಸುತ್ತದೆ.

ನಂಬಿಕೆ ಗಟ್ಟಿ ಇದ್ದರೆ ತಾಯಿಗೆ ಸುಸ್ತಾಗುವುದಿಲ್ಲ, ತಂದೆಗೆ ಸಿಟ್ಟು ಬರುವುದಿಲ್ಲ, ದುಡ್ಡು ಹೇಗೋ ಸರಿಹೋಗುತ್ತದೆ ಅಂತ ಒಂದು ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಸುಸ್ತು ಅಂದರೆ ಪ್ರಾರ್ಥನೆ ಕಡಿಮೆಯಾಗಿದೆ ಅಂತ ಅರ್ಥ! ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ. ಒಂದು ವಾಕ್ಯ ನೆನಪಿಸಿ ಹೋಗುತ್ತಾರೆ, ಅಷ್ಟೇ. ನನ್ನನ್ನು ಬಲಪಡಿಸುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನು ಅನ್ನುವ ಮಾತು, ಸತ್ಯವೇದದಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕನೇ ಅಧ್ಯಾಯ, 13ನೇ ವಾಕ್ಯ. ಗೋಡೆ ಮೇಲೆ, ಕ್ಯಾಲೆಂಡರ್ ಮೇಲೆ, ಫೋನ್ ತೆರೆದರೆ ಫೋನಿನಲ್ಲಿ, ಎಲ್ಲ ಕಡೆ ಅದಿದೆ.

ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ಹಿಂದಿನ ವಾಕ್ಯದಲ್ಲಿ ಅವನು ಹೇಳುವುದು ಹೊಟ್ಟೆ ತುಂಬಿದ ದಿನ ಹೇಗಿರಬೇಕು, ಹಸಿದ ದಿನ ಹೇಗಿರಬೇಕು ಎರಡನ್ನೂ ಕಲಿತಿದ್ದೇನೆ ಅಂತ. ಸರಿ. ಮುಂದಿನ ವಾಕ್ಯ, 14ನೆಯದು, ಓದಿದ್ದೀರಾ? ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಎಪಫ್ರೊದೀತ ಅನ್ನುವವನ ಕೈಲಿ ಅವರು ಕಳಿಸಿದ್ದು ತನಗೆ ತಲುಪಿತು ಅಂತಲೂ ಬರೆಯುತ್ತಾನೆ. ಎಲ್ಲಕ್ಕೂ ಶಕ್ತನು ಅಂದ ಮನುಷ್ಯ ಮರು ಉಸಿರಿನಲ್ಲೇ ನಿಮ್ಮ ಸಹಾಯಕ್ಕೆ ವಂದನೆ ಅನ್ನುತ್ತಿದ್ದಾನೆ. 13ನೇ ವಾಕ್ಯ ಗೋಡೆ ಹತ್ತಿತು. 14ನೆಯದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದವರನ್ನು ನಾನು ಇನ್ನೂ ನೋಡಿಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಈ ಎರಡು ವಾಕ್ಯಗಳ ನಡುವೆಯೇ ಇದೆ. ಜಾಸ್ತಿ ಮಕ್ಕಳಿರುವ ಮನೆಯಲ್ಲಿ ನಂಬಿಕೆ ಕೊಡುವ ಬಲದಲ್ಲಿ ದೊಡ್ಡ ಪಾಲು "ನನ್ನೊಬ್ಬಳ ಕೈಲಿ ಇದು ಆಗುವುದಿಲ್ಲ" ಅಂತ ನಾಚಿಕೆಯಿಲ್ಲದೆ ಹೇಳುವ ಬಲ. ದೇವರ ಹತ್ತಿರ ಹೇಳುವುದು, ಆಮೇಲೆ ಮನುಷ್ಯರ ಹತ್ತಿರವೂ ಹೇಳುವುದು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಜಾಗ ಸತ್ಯವೇದದ ಅರಣ್ಯಕಾಂಡದ 11ನೇ ಅಧ್ಯಾಯ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡುಗಡೆಯಾಗಿ ಅರಣ್ಯದಲ್ಲಿ ನಡೆಯುತ್ತಿರುವ ಇಸ್ರಾಯೇಲ್ ಜನರೆಲ್ಲ ತಮ್ಮ ತಮ್ಮ ಡೇರೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಾರೆ. ಮಾಂಸ ಬೇಕು. ಐಗುಪ್ತದಲ್ಲಿ ಮೀನು ಸಿಗುತ್ತಿತ್ತು, ಸೌತೆಕಾಯಿ ಸಿಗುತ್ತಿತ್ತು, ಈರುಳ್ಳಿ ಬೆಳ್ಳುಳ್ಳಿ ಇತ್ತು, ಇಲ್ಲಿ ನೋಡಿದರೆ ದೇವರು ಕೊಡುವ ಅದೇ ಆಹಾರ, ದಿನಾ ಅದೇ ಮನ್ನ. ಊಟದ ಹೊತ್ತಿಗೆ "ಇವತ್ತೂ ಇದೇನಾ?" ಅಂತ ಆರು ಬಾಯಿಂದ ಕೇಳಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರನ್ನು ನಡೆಸುತ್ತಿದ್ದ ಮೋಶೆ ಅದನ್ನು ಕೇಳಿಸಿಕೊಂಡು ದೇವರ ಕಡೆ ತಿರುಗಿ ಅಂದದ್ದೇನು? ಈ ಜನರನ್ನೆಲ್ಲ ಹೊತ್ತು ಹೆತ್ತವನು ನಾನೋ? ದಾದಿ ಮಗುವನ್ನು ಎದೆಗವಚಿಕೊಂಡು ಹೋಗುವಂತೆ ಇವರನ್ನು ಎತ್ತಿಕೊಂಡು ಹೋಗು ಅನ್ನುತ್ತೀಯಲ್ಲ! ನನ್ನೊಬ್ಬನಿಂದ ಆಗುವುದಿಲ್ಲ, ಭಾರ ಜಾಸ್ತಿಯಾಯಿತು. ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು.

ಗಂಡಸೊಬ್ಬ ತಾಯಿಯ ಮಾತು ಆಡುತ್ತಿದ್ದಾನೆ, ಗಮನಿಸಿ. ಹೊತ್ತದ್ದು, ಹೆತ್ತದ್ದು, ಎತ್ತಿಕೊಂಡದ್ದು. ಭಾಷೆಯೂ ಸಭ್ಯವಾಗಿಲ್ಲ. ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು ನಿಂತು ಹೀಗೆ ಪ್ರಾರ್ಥಿಸಿದರೆ ಅರ್ಧ ಜನ ಕಣ್ಣು ಬಿಟ್ಟು ನೋಡುತ್ತಾರೆ.

ದೇವರು ಮೋಶೆಯನ್ನು ಬೈಯುವುದಿಲ್ಲ. ನಿನ್ನ ನಂಬಿಕೆ ಎಲ್ಲಿ ಅಂತ ಕೇಳುವುದಿಲ್ಲ. ಇನ್ನೂ ಹತ್ತು ಜನರನ್ನು ಹೊರುವಷ್ಟು ಶಕ್ತಿ ತುಂಬುತ್ತೇನೆ ಅಂತಲೂ ಹೇಳುವುದಿಲ್ಲ. ಹಿರಿಯರಲ್ಲಿ 70 ಜನರನ್ನು ಕರೆದುಕೊಂಡು ಬಾ, ನಿನ್ನ ಮೇಲಿರುವ ಆತ್ಮದಲ್ಲಿ ಸ್ವಲ್ಪ ಅವರಿಗೂ ಕೊಡುತ್ತೇನೆ, ನೀನೊಬ್ಬನೇ ಹೊರಬೇಡ ಅನ್ನುತ್ತಾನೆ. ಮೋಶೆ ಕೇಳಿದ್ದು ಸಾವು. ಸಿಕ್ಕಿದ್ದು 70 ಜನ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಎಲ್ದಾದ್ ಮತ್ತು ಮೇದಾದ್ ಅನ್ನುವ ಇಬ್ಬರು ಗುಡಾರಕ್ಕೆ ಬಾರದೆ ಪಾಳೆಯದಲ್ಲೇ ಉಳಿದವರು, ಅವರೂ ಪ್ರವಾದಿಸಲು, ಅಂದರೆ ದೇವರಾತ್ಮ ತುಂಬಿ ಮಾತಾಡಲು, ಶುರುಮಾಡುತ್ತಾರೆ. ಹುಡುಗನೊಬ್ಬ ಓಡಿಬಂದು ಅದನ್ನು ತಿಳಿಸುತ್ತಾನೆ, ಮೋಶೆಯ ಸಹಾಯಕ ಯೆಹೋಶುವ ಅವರನ್ನು ತಡೆಯಿರಿ ಅನ್ನುತ್ತಾನೆ. ಮೋಶೆ ತಡೆಯುವುದಿಲ್ಲ. ಎಲ್ಲರೂ ಹಾಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುತ್ತಾನೆ. ತಾಯಂದಿರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಹಾಯ ಬೇಕು ಅನ್ನುತ್ತೇವೆ, ಬಂದ ಸಹಾಯ ನಮ್ಮ ರೀತಿಯಲ್ಲೇ ಇರಬೇಕು ಅಂತಲೂ ಅನ್ನುತ್ತೇವೆ. ನಮ್ಮ ಮನೆಯವರು ಭಾನುವಾರ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕುತ್ತಾರೆ. ಒಂದು ಜಡೆ ಕಿವಿಯ ಹಿಂದೆ ಶುರುವಾಗುತ್ತದೆ, ಇನ್ನೊಂದು ನೆತ್ತಿಯ ಹತ್ತಿರ. ಆರಾಧನೆ ಮುಗಿಯುವ ಹೊತ್ತಿಗೆ ಅರ್ಧ ಕೂದಲು ಹೊರಗೆ. ಬಿಚ್ಚಿ ಮತ್ತೆ ಹಾಕಲು ನನ್ನ ಕೈ ತುರಿಸುತ್ತದೆ. ಹಾಕುವುದಿಲ್ಲ. ಮಕ್ಕಳಿಗೆ ಆ ಜಡೆಯ ಮೇಲೆ ಎಷ್ಟು ಹೆಮ್ಮೆ ಅಂದರೆ, ಎದುರು ಸಿಕ್ಕವರಿಗೆಲ್ಲ "ಅಪ್ಪ ಹಾಕಿದ್ದು" ಅಂತ ಹೇಳಿಕೊಂಡು ತಿರುಗುತ್ತಾರೆ.

ಅಪ್ಪಂದಿರ ವಿಷಯ ಬಂತಲ್ಲ, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದರು. ತಂದೆಯಾದವನು ನಂಬಿಕೆಯಿಂದ ಮಗುವಿನ ಬಟ್ಟೆ ಒಗೆಯುತ್ತಿದ್ದಾಗ ಜನ ಅವನನ್ನು ನೋಡಿ ನಗಬಹುದು, ಆದರೆ ದೇವರು ತನ್ನ ದೂತರೊಡನೆ ಸಂತೋಷದಿಂದ ನಗುತ್ತಾನೆ ಅಂತ. ಒಳ್ಳೆಯ ಮಾತು. ಬರೆದಾಗ ಅವರಿಗೆ ಮದುವೆ ಆಗಿರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ! 1525ರಲ್ಲಿ ಕಥರೀನಾ ಫಾನ್ ಬೋರಾ ಅವರನ್ನು ಮದುವೆಯಾದರು. ಆರು ಮಕ್ಕಳು. ಜೊತೆಗೆ ತಂದೆತಾಯಿ ಇಲ್ಲದ ಸಂಬಂಧಿಕರ ಮಕ್ಕಳು, ಊಟ ವಸತಿಗೆ ಬಂದಿದ್ದ ವಿದ್ಯಾರ್ಥಿಗಳು. ಹಳೆಯ ಮಠದ ಕಟ್ಟಡವೇ ಮನೆ. ಅದನ್ನೆಲ್ಲ ನಡೆಸಿದ್ದು ಕಥರೀನಾ. ಎಲಿಸಬೆತ್ ಅನ್ನುವ ಮಗಳು ಹಸುಗೂಸಾಗಿದ್ದಾಗಲೇ ತೀರಿಹೋದಳು. ಮಗ್ದಲೇನಾ 1542ರಲ್ಲಿ, 13ನೇ ವಯಸ್ಸಿನಲ್ಲಿ. ಅಷ್ಟು ದೊಡ್ಡ ಬೋಧಕರಾಗಿದ್ದರೂ ಲೂಥರ್ ಮಗಳ ಸಾವಿನಿಂದ ಕುಸಿದುಹೋದರು. ನಂಬಿಕೆ ಇದ್ದವರಿಗೆ ಅಳು ಕಡಿಮೆ ಅಂತ ಎಲ್ಲೂ ಬರೆದಿಲ್ಲ.

ಈಗ ಸ್ವಲ್ಪ ಕಹಿ ವಿಷಯ. ಭಾರ ಹಂಚಿಕೊಳ್ಳಬೇಕು ಅಂದ ತಕ್ಷಣ ನಮ್ಮ ಕಣ್ಣು ಹೋಗುವುದು ಹಿರಿ ಮಗಳ ಕಡೆಗೆ. ಚಿಕ್ಕವರಿಗೆ ಸ್ನಾನ ಅವಳು, ಪಾಠ ಅವಳು, ರಾತ್ರಿ ಅತ್ತರೆ ಎದ್ದು ಹೋಗುವವಳೂ ಅವಳು. "ನಮ್ಮ ಹಿರಿಯವಳು ಬಿಡಿ, ಎರಡನೇ ಅಮ್ಮ" ಅಂತ ಹೊಗಳುತ್ತೇವೆ. ಆ ಹೊಗಳಿಕೆ ನನಗೆ ಹಿಡಿಸುವುದಿಲ್ಲ. ಬುಟ್ಟಿಯಲ್ಲಿದ್ದ ಮೋಶೆಯನ್ನು ದೂರದಲ್ಲಿ ನಿಂತು ಕಾದ ಅಕ್ಕನ ಕಥೆ ನಮಗೆಲ್ಲ ಗೊತ್ತು. ಅವಳು ಜಾಣೆ, ಫರೋಹನ ಮಗಳ ಹತ್ತಿರ ಧೈರ್ಯವಾಗಿ ಮಾತಾಡಿದಳು. ಆಮೇಲೆ ಮಾಡಿದ್ದೇನು? ಓಡಿಹೋಗಿ ತಾಯಿಯನ್ನು ಕರೆದುಕೊಂಡು ಬಂದಳು. ಕೂಸು ತಾಯಿಯ ಕೈಗೆ ಹೋಯಿತು. ಮನೆಯಲ್ಲಿ ಎಲ್ಲರಿಗೂ ಕೆಲಸ ಇರಲಿ, ನಮ್ಮಲ್ಲೂ ಇದೆ, ಗಂಡುಮಕ್ಕಳಿಗೂ ಇದೆ. ಆದರೆ ಕೆಲಸ ಮುಗಿದ ಮೇಲೆ ಹಿರಿಯವಳು ಹೋಗಿ ಓದಲಿ, ಸುಮ್ನೆ ಕೂರಲಿ, ಜಗಳವಾಡಲಿ. ಅವಳೂ ಮಗುವೇ. ಮೋಶೆಗೆ ದೇವರು ಕೊಟ್ಟ 70 ಜನ ಹಿರಿಯರು, ಹನ್ನೆರಡು ವರ್ಷದ ಹುಡುಗಿಯರಲ್ಲ.

ಇನ್ನು ಚಿಂತೆ. ಮಕ್ಕಳು ಜಾಸ್ತಿ ಇದ್ದಲ್ಲಿ ಚಿಂತೆ ಮುಂದಕ್ಕೆ ಓಡುತ್ತದೆ. ಆರು ಮಕ್ಕಳ ಓದು, ಆರು ಮಕ್ಕಳ ಕೆಲಸ, ಆರು ಮದುವೆ. ಚಿಕ್ಕವನಿಗೆ ಇನ್ನೂ ಹಲ್ಲು ಪೂರ್ತಿ ಬಂದಿಲ್ಲ, ಅವನ ಕಾಲೇಜಿನ ಫೀಸು ರಾತ್ರಿ ನಿದ್ದೆ ಕೆಡಿಸುತ್ತದೆ. ಇಲ್ಲಿ ನನಗೆ ಆಸರೆಯಾದದ್ದು ವಿಮೋಚನಕಾಂಡದ 16ನೇ ಅಧ್ಯಾಯ. ಮನ್ನ ಕೂಡಿಸುವುದಕ್ಕೆ ಒಂದು ಅಳತೆ ಇತ್ತು, ತಲೆಗೆ ಒಂದು ಓಮೆರ್. ಡೇರೆಯಲ್ಲಿ ಎಷ್ಟು ಜನರೋ ಅಷ್ಟು. ದೊಡ್ಡ ಡೇರೆಯವರು ಜಾಸ್ತಿ ಕೂಡಿಸಿದರು, ಚಿಕ್ಕ ಡೇರೆಯವರು ಕಡಿಮೆ. ಅಳೆದು ನೋಡಿದಾಗ ಜಾಸ್ತಿ ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮಾರನೆಯ ದಿನಕ್ಕೆ ಎತ್ತಿಟ್ಟದ್ದು ಹುಳ ಬಿದ್ದು ನಾತ ಹೊಡೆಯಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು, ಅದು ಕೆಡಲಿಲ್ಲ.

ಉಳಿತಾಯ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಇರುವೆಯನ್ನು ನೋಡಿ ಕಲಿ ಅಂತ ಜ್ಞಾನೋಕ್ತಿಯಲ್ಲೂ ಇದೆ. ಲೆಕ್ಕದ ಪುಸ್ತಕ ಬರೆಯಿರಿ, ವಿಮೆ ಮಾಡಿಸಿ, ಸಾಲದಿಂದ ದೂರ ಇರಿ. ಆದರೆ ನಾಳೆಯ ಧೈರ್ಯವನ್ನು ಇವತ್ತೇ ಕೂಡಿಸಿಡಲು ಆಗುವುದಿಲ್ಲ. ಈ ಮಗು ದೊಡ್ಡದಾದಾಗ ಬರುವ ಕಷ್ಟಕ್ಕೆ ಬೇಕಾದ ಬಲ ನನ್ನಲ್ಲಿ ಈಗ ಇಲ್ಲ, ಇರಬೇಕಾಗಿಯೂ ಇಲ್ಲ. ಬೆಳಿಗ್ಗೆ ನನಗಿರುವ ಪ್ರಾರ್ಥನೆ ತುಂಬಾ ಚಿಕ್ಕದು, "ಇವತ್ತಿನ ಆರು ಓಮೆರ್ ಕೊಡು, ನಮ್ಮಿಬ್ಬರದ್ದೂ ಸೇರಿಸಿ ಎಂಟು." ಅಷ್ಟು ಹೇಳುವುದರೊಳಗೆ ಯಾರೋ ಒಬ್ಬರು ಶೂ ಕಾಣಿಸುತ್ತಿಲ್ಲ ಅಂತ ಕೂಗುತ್ತಾರೆ.

ಪ್ರಾರ್ಥನೆಗೆ ಸಮಯ ಎಲ್ಲಿ ಅಂತ ಕೇಳುವವರು ಸುಸಾನ್ನಾ ವೆಸ್ಲಿಯ ಹೆಸರು ಕೇಳಿರುತ್ತೀರಿ. ಮೆಥೋಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ, ಕೀರ್ತನೆಗಳ ಚಾರ್ಲ್ಸ್ ವೆಸ್ಲಿ ಇವರ ತಾಯಿ. 1669ರಿಂದ 1742ರವರೆಗೆ ಇಂಗ್ಲೆಂಡಿನಲ್ಲಿ ಬದುಕಿದವರು. ಅವರನ್ನು ತಾಯಂದಿರ ಸಭೆಗಳಲ್ಲಿ ಒಂದು ಮಾದರಿ ಗೊಂಬೆಯ ಹಾಗೆ ನಿಲ್ಲಿಸುವುದುಂಟು. ನಿಜ ಬದುಕು ಹಾಗಿರಲಿಲ್ಲ. 19 ಮಕ್ಕಳನ್ನು ಹೆತ್ತರು, ಒಂಬತ್ತು ಕೂಸುಗಳು ತೀರಿಕೊಂಡವು. ಗಂಡ ಸ್ಯಾಮ್ಯುಯೆಲ್ ಸಭಾಪಾಲಕರು, ಕವಿ, ದುಡ್ಡಿನ ವಿಷಯದಲ್ಲಿ ಕೈಲಾಗದವರು. 1705ರಲ್ಲಿ ಸಾಲ ತೀರಿಸಲಾಗದೆ ಲಿಂಕನ್ ಕೋಟೆಯಲ್ಲಿ ಸೆರೆ ಕೂತರು. ಅದಕ್ಕೂ ಮೊದಲು, ಅರಸ ವಿಲಿಯಮ್‌ಗಾಗಿ ಮಾಡಿದ ಪ್ರಾರ್ಥನೆಗೆ ಹೆಂಡತಿ ಆಮೆನ್ ಹೇಳಲಿಲ್ಲ ಅಂತ ಮುನಿಸಿಕೊಂಡು ಕೆಲವು ತಿಂಗಳು ಮನೆ ಬಿಟ್ಟೇ ಹೋಗಿದ್ದರು! 1709ರಲ್ಲಿ ಎಪ್‌ವರ್ತ್‌ನ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್ ಮೇಲಿನ ಕೋಣೆಯಲ್ಲಿ ಉಳಿದುಬಿಟ್ಟಿದ್ದ, ಜನ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಕಿಟಕಿಯಿಂದ ಇಳಿಸಿಕೊಂಡರು.

ಬೆಂಕಿಯ ನಂತರ ಮಕ್ಕಳು ಕೆಲವು ಕಾಲ ಬೇರೆ ಬೇರೆ ಮನೆಗಳಲ್ಲಿ ಹಂಚಿಹೋಗಿದ್ದರು. ಮತ್ತೆ ಒಟ್ಟಾದ ಮೇಲೆ ಸುಸಾನ್ನಾ ಒಂದು ಪದ್ಧತಿ ಶುರುಮಾಡಿದರು. ರಾತ್ರಿಗೆ ಒಂದು ಮಗುವಿನ ಜೊತೆ ಮಾತ್ರ ಮಾತು. ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾಕಿ, ಅಂದರೆ ಜಾನ್. ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್, ಭಾನುವಾರ ಎಮಿಲಿಯಾ ಮತ್ತು ಸೂಕಿ ಇಬ್ಬರೂ. ಎಷ್ಟೋ ವರ್ಷಗಳ ನಂತರ, ಆಕ್ಸ್‌ಫರ್ಡಿನಲ್ಲಿ ದೊಡ್ಡ ವಿದ್ವಾಂಸನಾಗಿದ್ದ ಜಾನ್, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ನನಗೆ ಈಗಲೂ ಕೊಡುತ್ತೀರಾ ಅಂತ ತಾಯಿಗೆ ಪತ್ರ ಬರೆದರು.

ಸುಸಾನ್ನಾ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ವರ್ಷ ತುಂಬುವುದರೊಳಗೆ ಮಗು ಬೆತ್ತಕ್ಕೆ ಹೆದರಿ ಮೆಲ್ಲಗೆ ಅಳುವುದನ್ನು ಕಲಿಯಬೇಕು ಅನ್ನುವ ಅವರ ನಿಯಮವನ್ನು ಅಲ್ಲೇ ಬಿಡೋಣ. ಗುರುವಾರವನ್ನು ಮಾತ್ರ ತೆಗೆದುಕೊಳ್ಳೋಣ. ಗುಂಪಿನಲ್ಲಿ ಬೆಳೆಯುವ ಮಗುವಿಗೆ ಒಂದು ಹಸಿವು ಇರುತ್ತದೆ, ತನ್ನೊಬ್ಬನನ್ನೇ ಯಾರಾದರೂ ನೋಡಬೇಕು ಅಂತ. ಸತ್ಯವೇದದ ಹನ್ನಳನ್ನು ನೋಡಿ. ಸಮುವೇಲನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟು ಬಂದ ಮೇಲೆ ಅವಳಿಗೆ ಮತ್ತೆ ಮೂರು ಗಂಡು, ಎರಡು ಹೆಣ್ಣು. ದೂರದಲ್ಲಿದ್ದ ಹಿರಿಯವನಿಗೆ ವರ್ಷ ವರ್ಷ ಒಂದು ಚಿಕ್ಕ ನಿಲುವಂಗಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದಳು. ಅವನು ಎಷ್ಟು ಉದ್ದ ಬೆಳೆದಿರಬಹುದು ಅಂತ ಪ್ರತಿ ವರ್ಷ ಅಂದಾಜು ಹಾಕಿರಬೇಕಲ್ವಾ? ಯಾಕೋಬನೂ ಅಂಗಿ ಮಾಡಿಸಿದ, ಹನ್ನೆರಡು ಗಂಡುಮಕ್ಕಳಲ್ಲಿ ಒಬ್ಬನಿಗೆ ಮಾತ್ರ. ಹೊಟ್ಟೆಕಿಚ್ಚಿನಿಂದ ಅಣ್ಣಂದಿರು ಅವನನ್ನು ಮಾರಿಬಿಟ್ಟದ್ದು ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು.

ನಮ್ಮ ಮನೆಯಲ್ಲಿ ದಿನಕ್ಕೊಂದು ಮಗು ಅಂತ ಇಟ್ಟುಕೊಳ್ಳಲು ಆಗಲಿಲ್ಲ. ಮಲಗುವ ಹೊತ್ತಿನ ಪ್ರಾರ್ಥನೆಯಲ್ಲೇ ಒಬ್ಬೊಬ್ಬರ ಹತ್ತಿರ ಸ್ವಲ್ಪ ಕೂರುತ್ತೇನೆ. ದೀಪ ಆರಿಸಿದ ಮೇಲೆ ಅವರ ಬಾಯಿ ತೆರೆಯುತ್ತದೆ. ನಾಲ್ಕನೆಯವನು ಪ್ರಾರ್ಥಿಸುವುದು ಹೀಗೆ: "ಅಪ್ಪನ ಆಶೀರ್ವಾದ ಮಾಡು, ಅಮ್ಮನ ಆಶೀರ್ವಾದ ಮಾಡು, ಅಕ್ಕನ ಆಶೀರ್ವಾದ ಮಾಡು," ಅಲ್ಲಿ ಒಂದು ಕ್ಷಣ ನಿಲ್ಲಿಸುತ್ತಾನೆ, "ಅಣ್ಣನ ನಾಳೆ ಮಾಡು." ಆ ನಿಲುಗಡೆಯಿಂದಲೇ ನನಗೆ ಹಗಲು ಏನು ನಡೆದಿದೆ ಅಂತ ಗೊತ್ತಾಗುವುದು. ಸತ್ಯವೇದದ ಪಾಠ ಹೇಳಿಕೊಡುವುದಕ್ಕಿಂತ ಆ ಹತ್ತು ನಿಮಿಷದ ಕತ್ತಲಲ್ಲಿ ಅವನಿಗೆ ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಈ ಕೂಟದ ಆಹ್ವಾನ ಪತ್ರದಲ್ಲಿ 127ನೇ ಕೀರ್ತನೆ ಹಾಕಿದ್ದೀರಿ. ಮಕ್ಕಳು ಯೆಹೋವನಿಂದ ಬಂದ ಸ್ವಾಸ್ತ್ಯ, ಅಂದರೆ ಆಸ್ತಿ, ವೀರನ ಕೈಯಲ್ಲಿರುವ ಬಾಣಗಳ ಹಾಗೆ; ಬತ್ತಳಿಕೆಯನ್ನು ಅವುಗಳಿಂದ ತುಂಬಿಕೊಂಡವನು ಧನ್ಯನು. ಸಂತೋಷ. ಆದರೆ ಅದೇ ಕೀರ್ತನೆಯ ಎರಡನೇ ವಾಕ್ಯ ಮುಂಜಾನೆ ಎದ್ದು ತಡರಾತ್ರಿವರೆಗೆ ದುಡಿದು ಚಿಂತೆಯ ಅನ್ನ ತಿನ್ನುವುದು ವ್ಯರ್ಥ ಅನ್ನುತ್ತದೆ, ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಅನ್ನುತ್ತದೆ. ಬಾಣದ ಮಾತಿಗೆ ಮೊದಲು ನಿದ್ದೆಯ ಮಾತು. ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಬಂದು ಪ್ರಸಂಗ ಮಾಡಲಿಲ್ಲ. ಎಬ್ಬಿಸಿ ಊಟ ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಊಟ ಕೊಟ್ಟ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ಹೆರಿಗೆಯಾದ ಮೇಲೆ ವಾರಗಟ್ಟಲೆ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಬದುಕು ಸಾಕು ಅನಿಸಿದರೆ ಅದು ಕಾಯಿಲೆ. ನಂಬಿಕೆ ಕಡಿಮೆಯಾಯಿತು ಅಂತ ಅಲ್ಲ. ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಗಂಡಂದಿರೇ, ನೀವೇ ಕರೆದುಕೊಂಡು ಹೋಗಿ.

ಇನ್ನೊಂದು ಮಾತು ಆ ಬತ್ತಳಿಕೆಯ ಬಗ್ಗೆ. ಎಷ್ಟು ಬಾಣ ಅಂತ ಕೀರ್ತನೆಯಲ್ಲಿ ಲೆಕ್ಕ ಇಲ್ಲ. ಮಕ್ಕಳಿಲ್ಲದವರ ಮುಂದೆ, ಒಂದೇ ಮಗು ಇರುವವರ ಮುಂದೆ ಆ ವಾಕ್ಯವನ್ನು ಬೀಸಬೇಡಿ. ದೇಹ ಸೋತು ಇನ್ನು ಸಾಕು ಅಂದ ತಾಯಿಯ ಮುಂದೆಯೂ ಬೇಡ.

ಕೊನೆಗೆ ಪ್ರಶ್ನೋತ್ತರದಲ್ಲಿ ಇಬ್ಬರು ಕೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ. ಒಬ್ಬ ಹಿರಿಯರು ಎದ್ದು, ಇಷ್ಟೆಲ್ಲ ಮಾಡಿದರೂ ಮಕ್ಕಳಲ್ಲಿ ಒಬ್ಬ ನಂಬಿಕೆ ಬಿಟ್ಟು ಹೋದರೆ ಏನು ಅಂತ ಕೇಳಿದರು. ಅವರ ಧ್ವನಿ ಕೇಳಿದರೆ ಅದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅಂತ ಗೊತ್ತಾಗುತ್ತಿತ್ತು. ಯೇಸುವಿನ ಸಹೋದರರೂ ಆತನನ್ನು ನಂಬಿರಲಿಲ್ಲ ಅಂತ ಯೋಹಾನನ ಸುವಾರ್ತೆಯಲ್ಲಿದೆ ಅಂದೆ. ಅವರಲ್ಲಿ ಒಬ್ಬನಾದ ಯಾಕೋಬ ಆಮೇಲೆ ಯೆರೂಸಲೇಮಿನ ಸಭೆಗೆ ಹಿರಿಯನಾದ. ನಡುವೆ ಎಷ್ಟು ವರ್ಷ ತಾಯಿ ಮರಿಯಳು ಕಾದಳೋ. ನಿಮ್ಮ ಮಗ ಬರುತ್ತಾನೆ ಅಂತ ನಾನು ಮಾತು ಕೊಡಲಾರೆ ಸರ್, ಬಾಗಿಲು ಮಾತ್ರ ಹಾಕಬೇಡಿ, ವಾದಕ್ಕೆ ಇಳಿಯದೆ ಊಟಕ್ಕೆ ಕರೆಯಿರಿ ಅಂದೆ. ಅವರು ತಲೆಯಾಡಿಸಿ ಕೂತರು.

ಇನ್ನೊಬ್ಬರು ಚಿಕ್ಕ ವಯಸ್ಸಿನವರು, ಮದುವೆ ಆಗಿಲ್ಲ. ಜಾಸ್ತಿ ಮಕ್ಕಳಿರುವ ಮನೆಗೆ ನಾವು ಹೇಗೆ ಸಹಾಯ ಮಾಡಬಹುದು ಅಂತ ಕೇಳಿದರು. ನನಗೆ ಅವತ್ತು ಅತ್ಯಂತ ಇಷ್ಟವಾದ ಪ್ರಶ್ನೆ. "ಏನಾದರೂ ಬೇಕಿದ್ದರೆ ಹೇಳಿ ಅಕ್ಕ" ಅನ್ನಬೇಡಿ. ಏನು ಬೇಕು ಅಂತ ಯೋಚಿಸುವುದೂ ಆ ತಾಯಿಗೆ ಇನ್ನೊಂದು ಕೆಲಸ. "ಶನಿವಾರ ನಾಲ್ಕು ಗಂಟೆಗೆ ಬರುತ್ತೇನೆ, ನಡುವಿನ ಇಬ್ಬರನ್ನು ಆಟಕ್ಕೆ ಕರೆದುಕೊಂಡು ಹೋಗಿ ಆರಕ್ಕೆ ವಾಪಸ್ ಬಿಡುತ್ತೇನೆ" ಅನ್ನಿ. ಆಮೇಲೆ ನಾಲ್ಕಕ್ಕೇ ಬನ್ನಿ. ಮನೆ ಹೇಗಿದೆ ಅಂತ ಸುತ್ತ ಕಣ್ಣಾಡಿಸಬೇಡಿ. ಬಾಗಿಲು ತೆರೆಯುವ ಅಮ್ಮಂದಿರಿಗೂ ಒಂದು ಮಾತು: ಬಂದವರನ್ನು ಕೂರಿಸಿ ಉಪಚಾರ ಮಾಡಲು ಹೋಗಬೇಡಿ. ಮಕ್ಕಳನ್ನು ಕಳಿಸಿ, ಹೋಗಿ ಮಲಗಿ.